ನೆಡುವ ಮೊದಲು ಇರುವುದನ್ನು ಉಳಿಸಿಕೊಳ್ಳೋಣ

ಬೆಂಗಳೂರಿನ ಅಂಚಿನ ಬಡಾವಣೆ ಮತ್ತು ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘಗಳಿಗೆ ಒಂದು ಬಹಿರಂಗ ಪತ್ರ

ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆ, ಯಲಹಂಕ, ಹೆಸರಘಟ್ಟದ ಸುತ್ತಮುತ್ತಲಿನ ಸಂಘಗಳ ಪದಾಧಿಕಾರಿಗಳೇ, ಸದಸ್ಯರೇ,

ಮುಂಗಾರು ಹಿಡಿಯಿತೆಂದರೆ ನಮ್ಮ ಸಂಘಗಳಲ್ಲೆಲ್ಲ ಗಿಡ ನೆಡುವ ಮಾತು ಶುರುವಾಗುತ್ತದೆ. ಜೂನ್ 5ಕ್ಕೆ ಪರಿಸರ ದಿನ, ಜುಲೈ ಮೊದಲ ವಾರಕ್ಕೆ ವನಮಹೋತ್ಸವ. ನರ್ಸರಿಯಿಂದ ಸಸಿ ಬರುತ್ತವೆ, ಮಕ್ಕಳು ಗುಂಡಿ ತೋಡುತ್ತಾರೆ, ಹಿರಿಯರು ನೀರೆರೆಯುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ನಡೆಯುವ ಕೆಲಸ, ನಾನೂ ಅದರಲ್ಲಿ ಕೈಜೋಡಿಸುವವಳು. ಆದರೆ ಅದೇ ವರ್ಷದಲ್ಲಿ ನಮ್ಮ ಕಾಂಪೌಂಡಿನಾಚೆ ಎಷ್ಟು ಕುರುಚಲು ಕಾಡು ಬೋಳಾಯಿತು, ಎಷ್ಟು ಹುಲ್ಲುಗಾವಲು ಸೈಟಾಯಿತು, ಎಷ್ಟು ಹಳೆಯ ಹುಣಸೆ, ಅತ್ತಿ, ಇಪ್ಪೆ ಮರಗಳು ಉರುಳಿದವು ಎಂಬ ಲೆಕ್ಕವನ್ನು ಯಾವ ಸಭೆಯಲ್ಲೂ ಯಾರೂ ಕೇಳುವುದಿಲ್ಲ. ಈ ಪತ್ರ ಅದಕ್ಕಾಗಿ. ನನ್ನ ಮಾತು ಒಂದೇ: ಹೊಸದನ್ನು ನೆಡುವ ಮೊದಲು, ತಾನಾಗಿ ಬೆಳೆದು ನಿಂತಿರುವುದನ್ನು ಗುರುತಿಸಿ ಉಳಿಸಿಕೊಳ್ಳೋಣ. ನಗರ ಬೆಳೆಯುವ ರೀತಿಯನ್ನೂ ಅದಕ್ಕೆ ಹೊಂದಿಸಿಕೊಳ್ಳೋಣ. ಇದು ಆಗುವ ಕೆಲಸ, ಇದರ ದೊಡ್ಡ ಪಾಲು ನಮ್ಮಂಥ ಸಂಘಗಳ ಕೈಯಲ್ಲೇ ಇದೆ.

ಮನೆ ಕಟ್ಟುವುದನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. 2011ರ ಜನಗಣತಿಯ ಹೊತ್ತಿಗೇ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ದಾಟಿತ್ತು, ಆಮೇಲೆ ಊರು ಇನ್ನೂ ಹಿಗ್ಗಿದೆ. ಕೆಲಸ ಹುಡುಕಿಕೊಂಡು ರಾಯಚೂರು, ಕಲಬುರಗಿ, ಹಾಸನ, ಕೋಲಾರಗಳಿಂದ ಬರುವವರಿಗೆ ಸೂರು ಬೇಕು, ನೀರು ಬೇಕು, ಓಡಾಡಲು ದಾರಿ ಬೇಕು. 2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗ ಸಿಲ್ಕ್ ಇನ್‌ಸ್ಟಿಟ್ಯೂಟ್‌ವರೆಗೆ ಬಂದಾಗ ನಾವೆಲ್ಲ ಖುಷಿಪಟ್ಟೆವು. ಅದು ಬರಬೇಕಾದದ್ದೇ. ಎಲ್ಲಿ ಕಟ್ಟುತ್ತೇವೆ, ಯಾವುದನ್ನು ತೆಗೆದು ಕಟ್ಟುತ್ತೇವೆ, ಕಟ್ಟಿದ ಮೇಲೆ ಪಕ್ಕದ ಕಾಡಿನ ಜೊತೆ ಹೇಗೆ ಬಾಳುತ್ತೇವೆ ಎಂಬುದನ್ನು ಮಾತ್ರ ನಾವು ಕೂತು ಯೋಚಿಸಿಲ್ಲ.

ತುರಹಳ್ಳಿ ಕಾಡನ್ನೇ ತೆಗೆದುಕೊಳ್ಳಿ. ಸುತ್ತಲೂ ಬಡಾವಣೆ, ಅಪಾರ್ಟ್‌ಮೆಂಟ್‌ಗಳ ನಡುವೆ ಉಳಿದಿರುವ ಸುಮಾರು 600 ಎಕರೆಯ ಕಾಡು ಅದು. ಮಲೆನಾಡಿನ ಚಿತ್ರವನ್ನು ತಲೆಯಲ್ಲಿಟ್ಟುಕೊಂಡು ಹೋದವರಿಗೆ ಅದು ಕಾಡೆಂದೇ ಅನ್ನಿಸುವುದಿಲ್ಲ. ಬಂಡೆ, ಬಂಡೆ ಸಂದಿಯಲ್ಲಿ ಹುಲ್ಲು, ಆಳೆತ್ತರದ ಪೊದೆ, ಅಲ್ಲೊಂದು ಇಲ್ಲೊಂದು ಮರ, ಜೊತೆಗೆ ಹಿಂದೆ ಯಾವಾಗಲೋ ನೆಟ್ಟ ನೀಲಗಿರಿ. ಬೇಸಿಗೆಯಲ್ಲಂತೂ ಎಲ್ಲ ಒಣಗಿ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಒಂದೆರಡು ಹದವಾದ ಮಳೆ ಬಿದ್ದ ಮೇಲೆ ಹೋಗಿ, ಬಗ್ಗಿ ನೋಡಬೇಕು. ಬಂದರೆ ಗಿಡದ ಎಲೆಗಳು ಅಂಟು ಸವರಿದ ಹಾಗೆ ಹೊಳೆಯುತ್ತಿರುತ್ತವೆ. ಕಾರೆಯ ಮುಳ್ಳುಗಳ ನಡುವೆ ಎಳೆ ಚಿಗುರು. ಜಾಲಿ, ತಂಗಡಿಗಳಲ್ಲಿ ಹಳದಿ ಹೂವು. ಬಂಡೆಯ ಮೇಲಿನ ತಗ್ಗುಗಳಲ್ಲಿ ನಿಂತ ನೀರು ನಮ್ಮ ಕಣ್ಣಿಗೆ ಬೊಗಸೆಯಷ್ಟು, ಅದರೊಳಗೆ ಗೊದಮೊಟ್ಟೆಗಳ ಸಂತೆ. ಆ ನೀರು ಆರುವುದರೊಳಗೆ ಅವು ಕಾಲು ಮೂಡಿಸಿಕೊಂಡು ಕಪ್ಪೆಯಾಗಿ ಹೊರಡಬೇಕು. ಪಕ್ಕದ ಬಂಡೆಯ ತುದಿಯಲ್ಲಿ ಗಂಡು ಓತಿಕ್ಯಾತ ಬೆನ್ನಿಗೆ ಕೆಂಪೇರಿಸಿಕೊಂಡು ತಲೆ ಆಡಿಸುತ್ತಿರುತ್ತದೆ. ಪೊದೆಯಾಚೆಯಿಂದ ನವಿಲಿನ ಕೂಗು.

ಬಯಲುಸೀಮೆಯ ಕಾಡು ಇರುವುದೇ ಹೀಗೆ. ಬಂಡೆಯ ಮೇಲೆ ತೆಳುವಾದ ಮಣ್ಣು, ವರ್ಷದಲ್ಲಿ ನಾಲ್ಕೈದು ತಿಂಗಳು ಮಳೆ, ಉಳಿದಂತೆ ಬಿಸಿಲು. ಇದಕ್ಕೆ ಸಾವಿರಾರು ವರ್ಷಗಳಿಂದ ಒಗ್ಗಿಕೊಂಡ ಗಿಡಗಳು ಇಲ್ಲಿವೆ. ಇವುಗಳಿಗೆ ಯಾರೂ ಟ್ಯಾಂಕರಿನಲ್ಲಿ ನೀರು ಹಾಕಲಿಲ್ಲ, ಗೊಬ್ಬರ ಕೊಡಲಿಲ್ಲ. ಆದರೂ ಇಂಥ ಜಾಗ ಕಂಡ ಕೂಡಲೇ ಇಲ್ಲಿ ಏನೂ ಇಲ್ಲ, ಏನಾದರೂ ಮಾಡಬೇಕು ಎಂದು ನಮಗೆಲ್ಲ ಅನ್ನಿಸುತ್ತದೆ. ತುರಹಳ್ಳಿಯನ್ನು ಟ್ರೀ ಪಾರ್ಕ್ ಮಾಡುವ ಯೋಜನೆ ಬಂದದ್ದೂ ಇಂಥ ಯೋಚನೆಯಿಂದಲೇ. 2021ರ ಆರಂಭದಲ್ಲಿ ಸುತ್ತಲಿನ ನಿವಾಸಿಗಳು, ಸೈಕಲ್ ಸವಾರರು, ಬಂಡೆ ಹತ್ತುವ ಹುಡುಗರು, ಪಕ್ಷಿ ನೋಡುವವರು ಎಲ್ಲ ಸೇರಿ ದನಿ ಎತ್ತಿದರು, ಆ ಯೋಜನೆ ಮುಂದೆ ಹೋಗಲಿಲ್ಲ. ಆ ದನಿಯಲ್ಲಿ ನಿಮ್ಮಲ್ಲಿ ಹಲವರದ್ದೂ ಇತ್ತು. ಕಾಡಿಗೆ ಕಲ್ಲುಬೆಂಚು, ನಡೆಹಾದಿ, ಅಲಂಕಾರದ ಗಿಡ ಬೇಡ, ಇದ್ದಂತೆ ಇರಲಿ ಎಂದು ಜನರೇ ಹೇಳಿದ್ದು ಸಣ್ಣ ವಿಷಯವಲ್ಲ. ಅದೇ ತಿಳಿವಳಿಕೆಯನ್ನು ನಾವು ಮಿಕ್ಕ ಜಾಗಗಳಿಗೂ ತೋರಬೇಕಾಗಿದೆ.

ಹೆಸರಘಟ್ಟದ ಹುಲ್ಲುಗಾವಲು ಇನ್ನೂ ಕಷ್ಟಪಟ್ಟು ಉಳಿದ ಜಾಗ. ಮರವೇ ಇಲ್ಲದ ಬಯಲು ಎಂದು ಹಲವರ ಕಣ್ಣು ಅದರ ಮೇಲಿತ್ತು. ಚಳಿಗಾಲದಲ್ಲಿ ದೂರದ ಉತ್ತರ ದೇಶಗಳಿಂದ ಬರುವ ಸೆಳೆವ ಹಕ್ಕಿಗಳು ಆ ಹುಲ್ಲಿನ ಮೇಲೆ ತಗ್ಗಿನಲ್ಲಿ ತೇಲುತ್ತ ಬೇಟೆಯಾಡುತ್ತವೆ. ದೇಶದಲ್ಲೇ ಅಪರೂಪವಾಗಿರುವ ಲೆಸ್ಸರ್ ಫ್ಲಾರಿಕನ್ ಎಂಬ ಹಕ್ಕಿ ಕೂಡ ಅಲ್ಲಿ ಕಾಣಿಸಿಕೊಂಡಿದೆ. ಆ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡುವ ಪ್ರಸ್ತಾವವನ್ನು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತ್ತು. ವಿಷಯ ಹೈಕೋರ್ಟಿಗೂ ಹೋಯಿತು. ಪರಿಸರಾಸಕ್ತರು ಬಿಡದೆ ಬೆನ್ನು ಹತ್ತಿದ ಮೇಲೆ 2024ರಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಇಂಥ ಹುಲ್ಲುಗಾವಲಿಗೆ ನಾವು ಭಾನುವಾರ ಬಸ್ಸು ಮಾಡಿಕೊಂಡು ಹೋಗಿ ಸಸಿ ನೆಟ್ಟು ಬಂದರೆ ಅದಕ್ಕೆ ಮಾಡುವ ಉಪಕಾರ ಏನೂ ಇಲ್ಲ, ಕೆಡಿಸಿ ಬಂದಂತಾಗುತ್ತದೆ. ನೆಲದ ಮೇಲೆ ಗೂಡು ಮಾಡುವ ಹಕ್ಕಿಗೆ ಬೇಕಾದದ್ದು ತೆರೆದ ಬಯಲು ಮತ್ತು ಹುಲ್ಲು. ಮರ ಎದ್ದಲ್ಲಿ ಆ ಹಕ್ಕಿ ನಿಲ್ಲುವುದಿಲ್ಲ.

ಈ ಬಯಲಿಗೂ ನಮ್ಮ ನಲ್ಲಿಗೂ ಸಂಬಂಧ ಇದೆ. ಬೆಂಗಳೂರಿಗೆ ಮೊದಲು ಕೊಳವೆ ನೀರು ಬಂದದ್ದು 1894ರಲ್ಲಿ ಕಟ್ಟಿದ ಹೆಸರಘಟ್ಟ ಜಲಾಶಯದಿಂದ. ಆಮೇಲೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಬಂತು. ಎರಡೂ ಅರ್ಕಾವತಿ ನದಿಯವು. ಹುಲ್ಲು, ಪೊದೆ ಇರುವ ನೆಲದ ಮೇಲೆ ಬಿದ್ದ ಮಳೆ ನಿಧಾನವಾಗಿ ಇಳಿಯುತ್ತದೆ, ಕಾಂಕ್ರೀಟಿನ ಮೇಲೆ ಬಿದ್ದದ್ದು ಕ್ಷಣದಲ್ಲಿ ಚರಂಡಿ ಸೇರುತ್ತದೆ. ಮಳೆಗಾಲದಲ್ಲಿ ತಗ್ಗಿನ ಬಡಾವಣೆ ಮುಳುಗುವುದೂ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತುವುದೂ ಒಂದೇ ಕಾರಣದ ಎರಡು ಫಲ. 2024ರ ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಸರ್ಕಾರವೇ ದರ ಗೊತ್ತುಮಾಡಬೇಕಾದ ಸ್ಥಿತಿ ಬಂದಿತ್ತು. ನೂರು ಕಿಲೋಮೀಟರ್ ಆಚೆಯಿಂದ ಕಾವೇರಿಯನ್ನು ಎತ್ತಿ ತರುವ ಊರಿಗೆ ತನ್ನ ಸುತ್ತಲಿನ ನೆಲ ನೀರು ಕುಡಿಯುವ ಹಾಗಿರಬೇಕಾದ್ದು ಬದುಕಿನ ಪ್ರಶ್ನೆ.

ಬನ್ನೇರುಘಟ್ಟದ ಕಥೆ ಬೇರೆಯಾದರೂ ಪಾಠ ಇಲ್ಲಿಗೇ ಬರುತ್ತದೆ. ರಾಷ್ಟ್ರೀಯ ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ ಎಷ್ಟಿರಬೇಕೆಂದು 2016ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಡಿನಲ್ಲಿ ಇದ್ದದ್ದು 268.96 ಚದರ ಕಿಲೋಮೀಟರ್. 2020ರ ಮಾರ್ಚ್‌ನ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿದಿತ್ತು. ನೂರು ಚದರ ಕಿಲೋಮೀಟರ್ ಕಾಗದದ ಮೇಲೆಯೇ ಕರಗಿತು. ಆನೆಗಳಿಗೆ ಆ ಕಾಗದ ಗೊತ್ತಿಲ್ಲ, ಅವು ತಮ್ಮ ಹಳೆಯ ದಾರಿಯಲ್ಲೇ ಬರುತ್ತವೆ. ಆಗ ರಾಗಿ ಹೊಲ ಕಳೆದುಕೊಳ್ಳುವವನು ಕಾಡಂಚಿನ ರೈತ, ಜೀವ ಕಳೆದುಕೊಳ್ಳುವುದು ಒಮ್ಮೆ ಮನುಷ್ಯ, ಒಮ್ಮೆ ಆನೆ. ಇಂಥ ಕರಡುಗಳಿಗೆ ಆಕ್ಷೇಪಣೆ ಸಲ್ಲಿಸಲು ಸಾರ್ವಜನಿಕರಿಗೆ 60 ದಿನ ಕೊಡುತ್ತಾರೆ. ಆ 60 ದಿನದಲ್ಲಿ ನಮ್ಮ ಸಂಘಗಳಿಂದ ಎಷ್ಟು ಪತ್ರ ಹೋಗುತ್ತವೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಈಗ ನಮ್ಮ ಗೇಟಿನ ಒಳಕ್ಕೆ ಬರೋಣ.

ಬೆಂಗಳೂರಿನ ರಸ್ತೆಗಳಿಗೆ ನೆರಳು ತಂದವರನ್ನು ನಾವು ಗೌರವದಿಂದ ನೆನೆಯಬೇಕು. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕ್ರುಂಬಿಗಲ್, ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಊರಿನ ಬೀದಿಗಳನ್ನು ಯೋಜಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಸುಮಾರು 15 ಲಕ್ಷ ಸಸಿಗಳು ಬೆಂಗಳೂರಿನ ರಸ್ತೆ, ಬಡಾವಣೆಗಳಲ್ಲಿ ಬೇರೂರಿದವು. ಜಕರಾಂಡ, ಟಬೂಬಿಯಾ, ಮಳೆಮರ ದಕ್ಷಿಣ ಅಮೆರಿಕದಿಂದ ಬಂದವು, ಗುಲ್‌ಮೊಹರ್ ಮಡಗಾಸ್ಕರಿನದು. ಹೊರಗಿನವು ಎಂಬ ಕಾರಣಕ್ಕೆ ಇವುಗಳಲ್ಲಿ ಒಂದನ್ನೂ ಕಡಿಯಬೇಕೆಂದು ನಾನು ಹೇಳುವುದಿಲ್ಲ. ದಶಕಗಳ ನೆರಳನ್ನು ಕಡಿದು ತತ್ವ ಸಾಧಿಸುವುದರಲ್ಲಿ ಅರ್ಥವಿಲ್ಲ. ಮಳೆಮರದ ಹರಹು ರಸ್ತೆಗೆ ಕೊಡುವ ತಂಪನ್ನು ಇವತ್ತು ನೆಡುವ ಯಾವ ಸಸಿಯೂ ನಮ್ಮ ಕಾಲದಲ್ಲಿ ಕೊಡಲಾರದು.

ಎಚ್ಚರ ಬೇಕಾಗಿರುವುದು ಹೊರಗಿನಿಂದ ಬಂದು ಹಬ್ಬಿ, ಇಲ್ಲಿನದಕ್ಕೆ ಜಾಗವೇ ಬಿಡದ ಗಿಡಗಳ ಬಗ್ಗೆ. ಅಲಂಕಾರಕ್ಕೆಂದು ಬ್ರಿಟಿಷರ ಕಾಲದಲ್ಲಿ ಬಂದ ಲಂಟಾನ ಇವತ್ತು ಬನ್ನೇರುಘಟ್ಟದಿಂದ ಬಂಡೀಪುರದವರೆಗೆ ಕಾಡಿನ ನೆಲವನ್ನು ಮುಚ್ಚಿ ಹಾಕಿದೆ, ಅದರಡಿಯಲ್ಲಿ ಹುಲ್ಲು ಏಳುವುದಿಲ್ಲ. ನೀಲಗಿರಿಯನ್ನು ಹೊಸದಾಗಿ ಬೆಳೆಸುವುದನ್ನು ರಾಜ್ಯ ಸರ್ಕಾರ 2017ರಲ್ಲಿ ನಿಷೇಧಿಸಿತು. ಅಪಾರ್ಟ್‌ಮೆಂಟ್‌ಗಳ ಗೋಡೆಗುಂಟ ಹಸಿರು ಪರದೆಯಂತೆ ಬೆಳೆಸುವ ಕೊನೊಕಾರ್ಪಸ್ ಅನ್ನು ಗುಜರಾತ್ ಸರ್ಕಾರ 2023ರಲ್ಲಿ ನಿಷೇಧಿಸಿದೆ. ಹೀಗಿದ್ದೂ ಲ್ಯಾಂಡ್‌ಸ್ಕೇಪ್ ಗುತ್ತಿಗೆದಾರರು ತೋರಿಸುವ ಪಟ್ಟಿಯಲ್ಲಿ ಇಂಥವೇ ಮೇಲಿರುತ್ತವೆ, ಏಕೆಂದರೆ ಬೇಗ ಬೆಳೆಯುತ್ತವೆ, ದನ ತಿನ್ನುವುದಿಲ್ಲ, ಹುಳ ಮುಟ್ಟುವುದಿಲ್ಲ.

ಹುಳ ಮುಟ್ಟದ ಗಿಡ ಒಳ್ಳೆಯದೆಂದು ನಾವೂ ನಂಬಿಬಿಟ್ಟಿದ್ದೇವೆ. ಖಾಲಿ ಸೈಟಿನ ಮೂಲೆಯಲ್ಲಿ ಎಕ್ಕದ ಗಿಡ ಇದ್ದರೆ ಅದರ ಎಲೆ ತಿರುಗಿಸಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಒಂದು ಕಂಬಳಿಹುಳ ಅಂಚಿನಿಂದ ಒಳಗೆ ಕತ್ತರಿಸುತ್ತ ಬರುತ್ತಿರಬಹುದು. ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕದ ಹಾಲು ಬೇರೆ ಪ್ರಾಣಿಗಳಿಗೆ ವಿಷ, ಇದಕ್ಕೆ ಅದೇ ರಕ್ಷಣೆ: ವಿಷ ಕುಡಿದು ಬೆಳೆದ ಚಿಟ್ಟೆಯನ್ನು ಹಕ್ಕಿ ಮುಟ್ಟುವುದಿಲ್ಲ. ಹಾಗೆಯೇ ಕರಿಬೇವು, ನಿಂಬೆ, ಬಿಲ್ವದ ಎಲೆ ತಿಂದು ಬೆಳೆಯುವ ಚಿಟ್ಟೆಗಳಿವೆ, ಕಕ್ಕೆಯ ಎಲೆಯನ್ನು ನೆಚ್ಚಿದವಿವೆ, ಈಶ್ವರಿ ಬಳ್ಳಿ ಸಿಕ್ಕದಿದ್ದರೆ ಮೊಟ್ಟೆಯನ್ನೇ ಇಡದವಿವೆ. ಮಕರಂದಕ್ಕೆ ಚಿಟ್ಟೆ ಯಾವ ಹೂವಿಗಾದರೂ ಹೋದೀತು, ಬಾಣಂತನಕ್ಕೆ ಮಾತ್ರ ಅದಕ್ಕೆ ತವರುಮನೆಯೇ ಬೇಕು. ವಿದೇಶಿ ಹೂಗಿಡಗಳಿಂದ ತುಂಬಿದ ತೋಟದಲ್ಲಿ ಚಿಟ್ಟೆ ಬಂದು ಹೋಗುತ್ತದೆ, ಹುಟ್ಟುವುದಿಲ್ಲ. ಮರಿಗಳಿಗೆ ಹುಳ ತಿನ್ನಿಸಬೇಕಾದ ಹಕ್ಕಿಯೂ ಅಲ್ಲಿ ಗೂಡು ಕಟ್ಟುವುದಿಲ್ಲ.

ಅತ್ತಿಯ ವಿಷಯ ಇನ್ನೂ ಸೋಜಿಗದ್ದು. ಅತ್ತಿಯ ಹೂವನ್ನು ನಾವು ಕಾಣುವುದಿಲ್ಲ, ಏಕೆಂದರೆ ಹೂವೆಲ್ಲ ಕಾಯಿಯ ಒಳಗೇ ಇರುತ್ತವೆ. ಕಾಯಿಯ ತುದಿಯಲ್ಲಿರುವ ಸೂಜಿಮೊನೆಯಷ್ಟು ಕಿಂಡಿಯೊಳಗೆ ಒಂದು ಪುಟ್ಟ ಕಣಜ ನುಗ್ಗುತ್ತದೆ. ನುಗ್ಗುವಾಗಲೇ ಅದರ ರೆಕ್ಕೆ ಹರಿದುಹೋಗುತ್ತದೆ. ಒಳಗೆ ಪರಾಗ ಮುಟ್ಟಿಸಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಅದರ ಹೆಣ್ಣು ಮರಿಗಳು ಪರಾಗ ಹೊತ್ತು ಹೊರಬಿದ್ದು ಇನ್ನೊಂದು ಅತ್ತಿ ಮರವನ್ನು ಹುಡುಕಿಕೊಂಡು ಹಾರುತ್ತವೆ. ಆಲಕ್ಕೆ, ಅರಳಿಗೆ, ಬಸರಿಗೆ ತಮ್ಮ ತಮ್ಮದೇ ಬೇರೆ ಕಣಜಗಳಿವೆ. ಒಂದು ಮರ ಮುಗಿಸುವ ಹೊತ್ತಿಗೆ ಇನ್ನೊಂದು ಕಾಯಿ ಬಿಟ್ಟಿರುವುದರಿಂದ, ಬೇರೆ ಹಣ್ಣು ಸಿಗದ ಕಾಲದಲ್ಲೂ ಕುಟ್ರುಹಕ್ಕಿ, ಕೋಗಿಲೆ, ಬಾವಲಿಗಳಿಗೆ ಹೊಟ್ಟೆಪಾಡು ನಡೆಯುತ್ತದೆ. ಒಂದು ಮರ ಕಡಿದರೆ ಈ ಸರಪಣಿಯ ಒಂದು ಕೊಂಡಿ ಹೋಗುತ್ತದೆ. ಅದರ ಬದಲಿಗೆ ಹತ್ತು ಸಸಿ ನೆಡುತ್ತೇವೆ ಎಂದು ಇಲಾಖೆಗಳು ಬರೆದುಕೊಡುತ್ತವೆ. ಆ ಹತ್ತರಲ್ಲಿ ಎಷ್ಟು ಬದುಕಿದವು ಎಂದು ಮೂರನೆಯ ಬೇಸಿಗೆಯಲ್ಲಿ ಹೋಗಿ ನೋಡುವವರು ಯಾರು? ಹತ್ತೂ ಬದುಕಿದವೆಂದೇ ಇಟ್ಟುಕೊಳ್ಳಿ, ಅವು ಆ ಹಳೆಯ ಮರದ ಮಟ್ಟಕ್ಕೆ ಬರುವ ಹೊತ್ತಿಗೆ ನಮ್ಮ ಮಕ್ಕಳು ಮುದುಕರಾಗಿರುತ್ತಾರೆ.

ನಮ್ಮ ಕ್ಯಾಂಪಸ್ಸಿನಲ್ಲಿ ನಡೆದ ಒಂದು ಸಣ್ಣ ಸಂಗತಿ ಹೇಳುತ್ತೇನೆ. ಮಾಲಿ ಕಳೆ ಎಂದು ಕಿತ್ತು ರಾಶಿ ಹಾಕಿದ್ದನ್ನು ಮನೆಗೆಲಸಕ್ಕೆ ಬರುವ ಕೋಲಾರದ ಕಡೆಯ ಹೆಂಗಸೊಬ್ಬರು ಕೂತು ಆರಿಸುತ್ತಿದ್ದರು. ಏನಮ್ಮ ಇದು ಎಂದರೆ, “ಇದು ಅಣ್ಣೆ ಸೊಪ್ಪು, ಇದು ಗಣಿಕೆ, ಇದು ಹೊನಗೊನ್ನೆ. ಬೆರಕೆ ಸೊಪ್ಪು ಅಕ್ಕ, ಮಸ್ಸೊಪ್ಪು ಮಾಡಿದ್ರೆ ಮುದ್ದೆಗೆ ಬಲೇ ಚೆನ್ನಾಗಿರ್ತದೆ. ಔಷಧಿ ಹೊಡ್ದಿಲ್ಲ ತಾನೆ?” ಎಂದರು. ಔಷಧಿ ಹೊಡೆದಿತ್ತು. ಅವರು ಆರಿಸಿದ್ದನ್ನು ಅಲ್ಲೇ ಬಿಟ್ಟು ಎದ್ದರು. ಯಾವ ಗಿಡ ಯಾವಾಗ ಎಳೆಯದಿರುತ್ತದೆ, ಯಾವುದನ್ನು ಬೇರು ಬಿಟ್ಟು ಚಿವುಟಬೇಕು ಎಂಬುದೆಲ್ಲ ಗೊತ್ತಿರುವವರು ನಮ್ಮ ಗೇಟಿನೊಳಗೆ ದಿನವೂ ಬಂದು ಹೋಗುತ್ತಾರೆ. ಅವರನ್ನು ಕೇಳದೆ, ಗುತ್ತಿಗೆದಾರರ ಪಟ್ಟಿಯನ್ನು ನಂಬಿ ನಾವು ತೋಟ ಮಾಡುತ್ತಿದ್ದೇವೆ. ನಾಡಗಿಡಗಳನ್ನು ಉಳಿಸುವ ಕೆಲಸಕ್ಕೆ ಸಸ್ಯಶಾಸ್ತ್ರಜ್ಞರು ಬೇಕು, ನಿಜ. ಅವರಷ್ಟೇ ಇವರೂ ಬೇಕು.

ಇಷ್ಟು ಹೇಳಿದ ಮೇಲೆ ಸಂಘಗಳಿಂದ ಏನು ಕೇಳುತ್ತಿದ್ದೇನೆ ಎಂಬುದನ್ನು ಬಿಡಿಸಿ ಹೇಳಬೇಕು.

ಮೊದಲನೆಯದು, ಈ ವರ್ಷ ಸಸಿ ತರಿಸುವ ಮುನ್ನ ನಿಮ್ಮ ಬಡಾವಣೆಯಲ್ಲಿ ಈಗಾಗಲೇ ಏನಿದೆ ಎಂದು ಪಟ್ಟಿ ಮಾಡಿ. ಮರ, ಪೊದೆ, ಬಳ್ಳಿ, ಹಳೆಯ ಬಾವಿ, ರಾಜಕಾಲುವೆಯ ದಂಡೆ, ಊರಿನ ಗುಂಡುತೋಪಿನಿಂದ ಉಳಿದ ಹುಣಸೆಯೋ ಮಾವೋ, ಎಲ್ಲವನ್ನೂ. ಒಂದು ಕಾಲದಲ್ಲಿ ಈ ಹಳ್ಳಿಗಳಿಗೆಲ್ಲ ಒಂದೊಂದು ಗುಂಡುತೋಪು ಇತ್ತು. ದಾರಿಹೋಕರಿಗೆ ನೆರಳು, ಊರವರಿಗೆ ಹಣ್ಣು, ದನಕ್ಕೆ ತಂಪು, ಜಾತ್ರೆಗೆ ಜಾಗ. ಬಸ್ ನಿಲ್ದಾಣವಾಗಿ, ಕಚೇರಿಯಾಗಿ, ಲೇಔಟ್ ಆಗಿ ಅವು ಹೋದವು. ಉಳಿದ ಒಂದೆರಡು ಮರವಾದರೂ ನಿಮ್ಮಲ್ಲಿದ್ದರೆ ಅವೇ ನಿಮ್ಮ ಆಸ್ತಿ. ಆ ಪಟ್ಟಿಯನ್ನು ಸಂಘದ ದಾಖಲೆಯಲ್ಲಿ ಸೇರಿಸಿ, ಹೊಸ ಸಮಿತಿ ಬಂದಾಗ ಅದು ಅವರ ಕೈಗೆ ದಾಟಲಿ. ಮರದ ಬುಡಕ್ಕೆ ಬಳಿದಿರುವ ಸಿಮೆಂಟನ್ನು ಸುತ್ತಲೂ ಕನಿಷ್ಠ ಒಂದು ಮೀಟರ್ ದೂರದವರೆಗೆ ಒಡೆಸಿ. ಗಾಳಿಮಳೆಗೆ ಉರುಳುವ ಮರಗಳಲ್ಲಿ ಎಷ್ಟೋ ಮರಗಳ ಬೇರನ್ನು ಕೇಬಲ್ಲಿಗೋ ಚರಂಡಿಗೋ ಮೊದಲೇ ಕಡಿದಿರುತ್ತಾರೆ.

ಎರಡನೆಯದು, ಕ್ಯಾಂಪಸ್ಸಿನಲ್ಲಿ ಒಂದು ಭಾಗವನ್ನು ಕತ್ತರಿಸದೆ, ಔಷಧಿ ಹೊಡೆಯದೆ ಬಿಡಿ. ನೆಡಲೇಬೇಕಾದಲ್ಲಿ ಜಾಗ ನೋಡಿ ನೆಡಿ. ಬೀದಿ ಬದಿಗೆ ಹೊಂಗೆ, ಬೇವು. ಚಿಕ್ಕ ಅಂಗಳಕ್ಕೆ ಕಕ್ಕೆ. ವಿಶಾಲ ಬಯಲಿದ್ದರೆ ಮಾತ್ರ ಅತ್ತಿ, ಬಸರಿ, ಅದೂ ಗೋಡೆ ಮತ್ತು ಪೈಪುಗಳಿಂದ ದೂರ. ಬೇಲಿಗೆ ಬಂದರೆ, ಲಕ್ಕಿ, ಆಡುಸೋಗೆ, ಕವಳೆ. ಇವು ಒಮ್ಮೆ ಬೇರೂರಿದರೆ ಬೇಸಿಗೆಯಲ್ಲಿ ಕಾವೇರಿ ನೀರು ಕೇಳುವುದಿಲ್ಲ. ಹುಲ್ಲುಹಾಸಿಗೆ ದಿನವೂ ಸುರಿಯುವ ನೀರಿನ ಬಿಲ್ಲು ನೋಡಿದ ಖಜಾಂಚಿಗಳಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಸಸಿಗಳನ್ನು ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕೇಳಿ. ಇವತ್ತು ಅಲ್ಲಿ ಇಲ್ಲದ ಗಿಡವನ್ನೂ ಪ್ರತಿ ವರ್ಷ ಹತ್ತಾರು ಸಂಘಗಳು ಕೇಳತೊಡಗಿದರೆ ಬೆಳೆಸುತ್ತಾರೆ. ಕಾಡಿನೊಳಗೆ ಹೋಗಿ ಗಿಡ ಕಿತ್ತು ತರುವುದು ಮಾತ್ರ ಬೇಡ.

ಮೂರನೆಯದು, ಕಾಡಿಗೆ ಅಂಟಿಕೊಂಡಿರುವ ಸಂಘಗಳಿಗೆ. ಕಾಡಿನ ಕಡೆಗೆ ಮುಖ ಮಾಡಿದ ದೊಡ್ಡ ದೀಪಗಳನ್ನು ತಗ್ಗಿಸಿ ಅಥವಾ ನೆಲದತ್ತ ತಿರುಗಿಸಿ. ಮನೆ ರಿಪೇರಿಯ ಮಣ್ಣು, ಇಟ್ಟಿಗೆ ಚೂರು ಕಾಡಿನ ಅಂಚಿಗೆ ಬೀಳದಂತೆ ನಿಮ್ಮ ಗೇಟಿನಲ್ಲೇ ತಡೆಯಿರಿ. ಕಸ ಹೊರಗೆ ಬಿದ್ದರೆ ನಾಯಿಗಳು ಸೇರುತ್ತವೆ, ನಾಯಿಗಳಿರುವಲ್ಲಿಗೆ ಚಿರತೆ ಬರುತ್ತದೆ. ಚಿರತೆ ಕಂಡಿತು ಎಂಬ ಸುದ್ದಿ ಬಂದ ಕೂಡಲೇ ಬೋನಿಡಿ, ಹಿಡಿದುಕೊಂಡು ಹೋಗಿ ಎಂದು ಒತ್ತಡ ಹಾಕುವ ಮುನ್ನ ನಮ್ಮ ಕಸವನ್ನು ಸರಿಪಡಿಸೋಣ. ಒಂದನ್ನು ಹಿಡಿದು ಸಾಗಿಸಿದರೆ ಅದರ ಜಾಗಕ್ಕೆ ಇನ್ನೊಂದು ಬರುತ್ತದೆ.

ನಾಲ್ಕನೆಯದು, ಕಾನೂನು ನಮಗೆ ಕೊಟ್ಟಿರುವುದನ್ನು ಬಳಸೋಣ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಿಂದಲೂ ಇದೆ. ನಗರದಲ್ಲಿ ಸ್ವಂತ ಜಾಗದ ಮರ ಕಡಿಯಲೂ ಸಾಮಾನ್ಯವಾಗಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಒಂದು ಯೋಜನೆಗೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 812 ಮರಗಳು ಬಲಿಯಾಗಬೇಕಿತ್ತು. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಆದರೆ ಎಲ್ಲದಕ್ಕೂ ಬೀದಿಗಿಳಿಯಲಾಗದು. ಪ್ರಕಟಣೆ ನೋಡಿ, ಸ್ಥಳಕ್ಕೆ ಹೋಗಿ, ಮರದ ಎಣಿಕೆ ತಾಳೆ ಹಾಕಿ, ವಿನ್ಯಾಸವನ್ನು ಸ್ವಲ್ಪ ಸರಿಸಿದರೆ ಎಷ್ಟು ಉಳಿಯುತ್ತವೆ ಎಂದು ಲಿಖಿತವಾಗಿ ತಿಳಿಸಲು ಪ್ರತಿ ಸಂಘದಲ್ಲಿ ಇಬ್ಬರು ಸಾಕು. ನಮ್ಮಲ್ಲಿ ಎಂಜಿನಿಯರುಗಳಿದ್ದಾರೆ, ವಕೀಲರಿದ್ದಾರೆ, ನಿವೃತ್ತ ಅಧಿಕಾರಿಗಳಿದ್ದಾರೆ.

ಐದನೆಯದು, ಎಲ್ಲಿ ಕಟ್ಟಬೇಕು ಎಂಬುದರ ಬಗ್ಗೆ ನಾವು ಒಂದು ದನಿಯಾಗಬೇಕು. ಬೆಂಗಳೂರು ಇವತ್ತಿಗೂ 2007ರಲ್ಲಿ ಒಪ್ಪಿಗೆ ಪಡೆದ, 2015ರ ಹೆಸರಿನ ಮಾಸ್ಟರ್ ಪ್ಲಾನಿನ ಮೇಲೆ ನಡೆದಿದೆ. 2031ಕ್ಕೆಂದು 2017ರಲ್ಲಿ ಬಂದ ಕರಡನ್ನು ಆಮೇಲೆ ಹಿಂದಕ್ಕೆ ಪಡೆದರು. 2025ರಲ್ಲಿ ನಗರ ಐದು ಪಾಲಿಕೆಗಳಾಗಿದೆ. ಹೊಸ ಯೋಜನೆ ಬರೆಯುವಾಗ ಮೂರು ಬೇಡಿಕೆ ನಮ್ಮಿಂದ ಹೋಗಲಿ: ಕೆರೆ, ರಾಜಕಾಲುವೆ, ಕುರುಚಲು ಕಾಡು, ಹುಲ್ಲುಗಾವಲುಗಳನ್ನು ಮೊದಲು ನಕ್ಷೆಯಲ್ಲಿ ಗುರುತಿಸಿ, ಆಮೇಲೆ ರಸ್ತೆ ಎಳೆಯಿರಿ. ಕಾಡಂಚಿಗೆ ಹೊಸ ಲೇಔಟ್ ಮಾಡುವ ಮುನ್ನ, ಹಳೆಯ ಬಡಾವಣೆಗಳಲ್ಲಿ ವರ್ಷಗಟ್ಟಲೆ ಖಾಲಿ ಬಿದ್ದಿರುವ ಸೈಟುಗಳು ತುಂಬಲಿ. ಮೆಟ್ರೊ ನಿಲ್ದಾಣಗಳ ಹತ್ತಿರ ಹೆಚ್ಚು ಮನೆಗಳು ಬರಲಿ, ಅದರಲ್ಲಿ ಕಡಿಮೆ ಆದಾಯದವರಿಗೂ ಪಾಲಿರಲಿ. ನಗರ ಹೀಗೆ ಒಳಗೆ ಗಟ್ಟಿಯಾದರೆ ಅಂಚಿನ ಕಾಡಿಗೆ ಉಸಿರು ಸಿಗುತ್ತದೆ. ಸೈಟು, ಫ್ಲಾಟು ಕೊಳ್ಳುವ ನಿಮ್ಮ ಬಂಧುಗಳಿಗೂ ಹೇಳಿ: ದುಡ್ಡು ಕೊಡುವ ಮೊದಲು ಸರ್ಕಾರದ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡಲಿ, ಗ್ರಾಮ ನಕ್ಷೆ ತೆಗೆಸಲಿ. ಆ ಜಾಗ ಗೋಮಾಳವೋ ಗುಂಡುತೋಪೋ ಕಾಲುವೆಯೋ ಆಗಿದ್ದರೆ ಬೇಡವೆನ್ನಲಿ. ಕೊಳ್ಳುವವರು ಬೇಡವೆಂದರೆ ಕಟ್ಟುವವರು ತಾವಾಗಿ ದಾರಿಗೆ ಬರುತ್ತಾರೆ.

ಪೊದೆ ಬಿಟ್ಟರೆ ಹಾವು ಬರುತ್ತದೆ, ಸೊಳ್ಳೆ ಹೆಚ್ಚುತ್ತದೆ ಎಂಬ ಆತಂಕ ನಿಮ್ಮಲ್ಲಿದೆ. ಮಕ್ಕಳಿರುವ ಮನೆಯವರಿಗೆ ಅದು ಸಹಜ. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲಿ, ಹೂಕುಂಡದ ತಟ್ಟೆ, ನೆಲಮಾಳಿಗೆಯ ಗುಂಡಿ, ಮುಚ್ಚದ ಡ್ರಮ್ಮುಗಳಲ್ಲಿ. ಹಾವು ಬರುವುದು ಇಲಿಗೆ, ಇಲಿ ಬರುವುದು ಕಸಕ್ಕೆ. ಪೊದೆಯ ಜಾಗವನ್ನು ಆಟದ ಜಾಗದಿಂದ ದೂರವಿಟ್ಟು, ನಡುವೆ ನಡೆಯುವ ದಾರಿ ಬಿಟ್ಟು, ಕಸ ಸರಿಯಾಗಿ ನೋಡಿಕೊಂಡರೆ ಭಯ ಬಹಳ ಮಟ್ಟಿಗೆ ಕಳೆಯುತ್ತದೆ. ಎಲೆ ಉದುರುತ್ತದೆ, ಕಾರಿನ ಮೇಲೆ ಹಣ್ಣು ಬೀಳುತ್ತದೆ, ಪಾರ್ಕಿಂಗಿಗೆ ಅಡ್ಡ ಎಂಬ ದೂರುಗಳೂ ಇವೆ. ಇಲ್ಲಿ ನಾನು ನೇರವಾಗಿಯೇ ಹೇಳಬೇಕು. ಮರ ಕಡಿಯಲು ಬರುವ ಅರ್ಜಿಗಳಲ್ಲಿ ನಮ್ಮಂಥ ನಿವಾಸಿಗಳ ಅರ್ಜಿಗಳೂ ಇರುತ್ತವೆ. ಸರ್ಕಾರದಿಂದ ಕೇಳುವ ಶಿಸ್ತನ್ನು ನಾವೂ ಪಾಲಿಸಬೇಕು. ಕಾರು ಒರೆಸಲು ಹತ್ತು ನಿಮಿಷ ಸಾಕು, ಮರ ಬೆಳೆಯಲು ಎರಡು ತಲೆಮಾರು ಬೇಕು.

ಈ ವರ್ಷದ ವಾರ್ಷಿಕ ಮಹಾಸಭೆಯಲ್ಲಿ ಈ ಕೆಳಗಿನ ನಿರ್ಣಯವನ್ನು ಮಂಡಿಸಿ, ಚರ್ಚಿಸಿ, ಬೇಕಾದರೆ ತಿದ್ದಿ, ಅಂಗೀಕರಿಸಿ ಎಂದು ಎಲ್ಲ ಸಂಘಗಳನ್ನೂ ಕೇಳಿಕೊಳ್ಳುತ್ತೇನೆ:

“ನಮ್ಮ ಆವರಣದಲ್ಲಿ ಇರುವ ಮರ, ಪೊದೆ, ನೀರಿನ ದಾರಿಗಳ ಪಟ್ಟಿಯನ್ನು ಒಂದು ವರ್ಷದೊಳಗೆ ಸಿದ್ಧಪಡಿಸುತ್ತೇವೆ. ಆ ಪಟ್ಟಿಯಲ್ಲಿರುವ ಯಾವುದನ್ನೂ ಮಹಾಸಭೆಯ ಒಪ್ಪಿಗೆ ಮತ್ತು ಕಾನೂನಿನ ಅನುಮತಿ ಇಲ್ಲದೆ ತೆಗೆಯುವುದಿಲ್ಲ. ತೋಟದ ಒಂದು ಭಾಗವನ್ನು ನಾಡಗಿಡಗಳಿಗೆ ಮೀಸಲಿಡುತ್ತೇವೆ, ಅಲ್ಲಿ ಕಳೆನಾಶಕ ಬಳಸುವುದಿಲ್ಲ. ನಮ್ಮ ಸುತ್ತಲಿನ ಕಾಡು, ಕೆರೆ, ಹುಲ್ಲುಗಾವಲುಗಳಿಗೆ ಸಂಬಂಧಿಸಿದ ಪ್ರತಿ ಸಾರ್ವಜನಿಕ ಪ್ರಕಟಣೆಗೂ ಸಂಘದ ಪರವಾಗಿ ಲಿಖಿತ ಅಭಿಪ್ರಾಯ ಸಲ್ಲಿಸಲು ಇಬ್ಬರು ಸದಸ್ಯರನ್ನು ನೇಮಿಸುತ್ತೇವೆ.”

ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಒಂದು ಸಂಘ ಮಾಡಿದರೆ ಒಂದು ತೋಟ ಉಳಿಯುತ್ತದೆ. ನೂರು ಸಂಘಗಳು ಮಾಡಿದರೆ ತುರಹಳ್ಳಿಯಿಂದ ಬನ್ನೇರುಘಟ್ಟದವರೆಗೆ ಹಕ್ಕಿ, ಚಿಟ್ಟೆ, ಬೀಜಗಳು ದಾಟಿಕೊಂಡು ಹೋಗುವ ಹಾದಿ ಉಳಿಯುತ್ತದೆ. ಮುಂದಿನ ಮಾಸ್ಟರ್ ಪ್ಲಾನ್ ಬರೆಯುವವರ ಮೇಜಿನ ಮೇಲೆ ನೂರು ನಿರ್ಣಯಗಳು ಕೂತಿದ್ದರೆ ಅವನ್ನು ಬದಿಗೆ ಸರಿಸುವುದು ಯಾರಿಗೂ ಸುಲಭವಾಗದು. ನಿಮ್ಮ ಸಭೆಯ ತಾರೀಖು ಗೊತ್ತುಮಾಡಿ, ಈ ನಿರ್ಣಯವನ್ನು ಕಾರ್ಯಸೂಚಿಯಲ್ಲಿ ಸೇರಿಸಿ.

ಇಂತಿ,
ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ನಿವಾಸಿ, ನಿಮ್ಮ ನೆರೆಯವಳು